ಒಂದು ಸೆಂಟಿಮೀಟರ್

ಟೈರು ನೋಡಿದರೆ ಸಾಕು, ಗಾಡಿಯವನ ಜಾತಕ ನನಗೆ ಗೊತ್ತಾಗುತ್ತದೆ. ನಡುಭಾಗ ಮಾತ್ರ ಸವೆದು ಚಪ್ಪಟೆಯಾಗಿದ್ದರೆ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗಿಬರುವ ಆಸಾಮಿ. ಒಂದೇ ಮಗ್ಗುಲು ಸವೆದಿದ್ದರೆ ಇನ್ನೊಂದು ಕಡೆಯ ತಿರುವಿಗೆ ಹೆದರುತ್ತಾನೆ. ಅಂಚಿನವರೆಗೂ ಸವೆದಿದ್ದರೆ ಅವನು ಒಂದೋ ಚೆನ್ನಾಗಿ ಓಡಿಸುತ್ತಾನೆ, ಇಲ್ಲ ಹೆಚ್ಚು ದಿನ ಓಡಿಸುವುದಿಲ್ಲ. ಟೈರ್ ಅಂಗಡಿಯಲ್ಲಿ ಎರಡು ವರ್ಷ ಇದ್ದು ಕಲಿತ ವಿದ್ಯೆ ಇದು. ಅದಕ್ಕೆ ಮೊದಲು ಹನ್ನೊಂದು ವರ್ಷ ಅಣ್ಣನ ಗ್ಯಾರೇಜಿನಲ್ಲಿದ್ದೆ. ಅದಕ್ಕೂ ಮೊದಲು ಸ್ಕೂಲಿನಲ್ಲಿದ್ದೆ. ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ನನ್ನ ಮೇಲೆ ಡಸ್ಟರ್ ಎಸೆದರು. ನಾನು ಅದನ್ನೇ ವಾಪಸು ಎಸೆದೆ. ಅವರಿಗಿಂತ ನನ್ನ ಗುರಿ ಚೆನ್ನಾಗಿತ್ತು. ಅಲ್ಲಿಗೆ ಓದು ಮುಗಿಯಿತು.

ಅಂಗಡಿಯಲ್ಲಿ ನನ್ನನ್ನು ಕುಕ್ಕರ್ ಎಂದು ಕರೆಯುತ್ತಾರೆ. ನನ್ನ ದನಿ ಒಂದು ಚೂರು ಏರಿದರೆ ಸಾಕು, ಜೊತೆಗೆ ಕೆಲಸ ಮಾಡುವ ಗೊರಕೆ, "ಎಷ್ಟನೇ ಸೀಟಿ ಇದು? ಒಲೆ ಆರಿಸ್ಲಾ?" ಎಂದು ಕೇಳುತ್ತಾನೆ. ಗೊರಕೆಯ ಹೆಸರು ಅದಲ್ಲ. ಊಟವಾದ ಮೇಲೆ ಟ್ಯೂಬುಗಳ ರಾಶಿಯ ಮೇಲೆ ಮಲಗುತ್ತಾನೆ, ಅದಕ್ಕೆ ಆ ಹೆಸರು. ಅವನ ಜೊತೆ ನಾನು ಕಳೆದ ತಿಂಗಳಲ್ಲಿ ಮೂರು ಸಲ ಮಾತು ಬಿಟ್ಟಿದ್ದೇನೆ.

ಸ್ಪೋರ್ಟ್ಸ್ ಬೈಕ್ ತೆಗೆದುಕೊಳ್ಳಬೇಕು ಎನ್ನುವುದು ನನಗೆ ಹದಿಮೂರು ವರ್ಷದ ಹಳೆಯ ಹಟ. ಅಣ್ಣನ ಗ್ಯಾರೇಜಿಗೆ ಅಂಥ ಗಾಡಿಗಳೇ ಬರುತ್ತಿದ್ದವು. ನಾನು ಅವನ್ನು ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ತಳ್ಳಿದ್ದೇನೆ, ಒರೆಸಿದ್ದೇನೆ, ಹಿಡಿದು ನಿಂತಿದ್ದೇನೆ. ಓಡಿಸಿದವರು ಬೇರೆಯವರು. ಒಬ್ಬನೇ ರೂಮಿನಲ್ಲಿದ್ದರೆ ಖರ್ಚು ಕಮ್ಮಿ, ಹತ್ತಿರ ಬಂದವರನ್ನೆಲ್ಲ ಬೈದು ದೂರ ಮಾಡಿಕೊಂಡರೆ ಇನ್ನೂ ಕಮ್ಮಿ. ಎರಡು ವರ್ಷದಲ್ಲಿ ಒಂದು ಹಳೆಯ ಗಾಡಿಗೆ ಆಗುವಷ್ಟು ಕೂಡಿತು.

ಮೂರು ಗಾಡಿ ನೋಡಿದೆ. ಮೊದಲನೆಯವನು ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿಟ್ಟಿದ್ದ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಳಗಿನ ಚೈನು ಬಡಿದುಕೊಳ್ಳುವುದು ಕೇಳಿಸುತ್ತದೆ, ಅದನ್ನು ಮುಚ್ಚಿಡುವ ಉಪಾಯ. ಸೈಲೆನ್ಸರಿಗೆ ಕೈ ತಾಗಿಸಿ ಹಾಗೇ ಗೇಟು ದಾಟಿ ಬಂದೆ. ಎರಡನೆಯದು ಕನ್ನಡಿಯಂತೆ ಹೊಳೆಯುತ್ತಿತ್ತು. ಹ್ಯಾಂಡಲ್ ಪೂರ್ತಿ ತಿರುಗಿಸಿ, ಅದು ತಾಗಿ ನಿಲ್ಲುವ ಕಬ್ಬಿಣದ ಗುಬುಟಿಗೆ ಬೆರಳಿಟ್ಟೆ. ಚಪ್ಪಟೆಯಾಗಿತ್ತು. ಎಲ್ಲೋ ಜೋರಾಗಿ ಬಿದ್ದಿರುವ ಗಾಡಿ. "ಬಿದ್ದೇ ಇಲ್ಲ ಬ್ರದರ್" ಎಂದ. "ಗಾಡಿ ಬಿದ್ದಿಲ್ಲ, ರಸ್ತೆನೇ ಎದ್ದು ಬಂದಿರ್ಬೇಕು" ಎಂದೆ. ಅಲ್ಲಿಂದ ಹೊರಡುವಾಗ ಅವನು ಅಂದದ್ದನ್ನು ಬರೆಯುವಂತಿಲ್ಲ.

ಮೂರನೆಯದು ಒಬ್ಬ ಹಲ್ಲಿನ ಡಾಕ್ಟರದು. ಕಪ್ಪು ಗಾಡಿ, ನಾಲ್ಕು ಸಿಲಿಂಡರ್. ಹಿಂದಿನ ಸೀಟು ತೆಗೆಸಿ ಅಲ್ಲಿಗೆ ಮುಚ್ಚಳ ಹಾಕಿಸಿದ್ದರು, ಒಬ್ಬರೇ ಕೂರುವಂತೆ. ನಾನು ಎಂಜಿನ್ ನೋಡುವ ಮೊದಲು ಟೈರು ನೋಡಿದೆ. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು ಇರುತ್ತವೆ. ನಡುವೆ ಸವೆದು ಬೋಳಾಗಿದ್ದರೂ ಎರಡೂ ಅಂಚಿನಲ್ಲಿ ಕೂದಲು ಹಾಗೇ ಇತ್ತು.

"ನೀವು ಒಂದ್ಸಲನೂ ಇದನ್ನ ಬಗ್ಗಿಸಿಲ್ಲ ಸಾರ್."

"ಬಗ್ಗಿಸಿದ್ರೆ ಬೀಳುತ್ತಲ್ವಾ?"

"ತಿರುವಲ್ಲಿ ಬಗ್ಗಿಸದೇ ಇದ್ರೇ ಬೀಳೋದು."

"ನೋಡಿ, ಇದಕ್ಕೇ ಮಾರ್ತಿರೋದು ನಾನು." ಅವರು ದಪ್ಪ ಮನುಷ್ಯ, ನಕ್ಕಾಗ ಹೊಟ್ಟೆಯೂ ನಗುತ್ತಿತ್ತು. ನನ್ನ ಹಿಂದೆ, ಗೇಟಿನ ಕಡೆಗೆ ಕಣ್ಣು ಹಾಯಿಸಿದರು. "ಒಬ್ರೇ ಬಂದ್ರಾ? ಗಾಡಿ ನೋಡೋಕೆ ಬರೋರು ಯಾರನ್ನಾದ್ರೂ ಕರ್ಕೊಂಡು ಬರ್ತಾರೆ."

"ನನಗೇ ಎರಡು ಕಣ್ಣಿದೆ ಸಾರ್."

"ಅದೂ ಸರಿ" ಎಂದು ಕೀ ಕೊಟ್ಟರು. "ಹಿಂದಿನ ಸ್ಪ್ರಿಂಗ್ ನನ್ನ ತೂಕಕ್ಕೆ ಬಿಗಿ ಮಾಡಿಸಿದ್ದೀನಿ. ನಿಮ್ಮದು ನನ್ನ ಅರ್ಧ ಇದೆ. ಅದೊಂದು ಸರಿ ಮಾಡಿಸ್ಕೊಳ್ಳಿ."

ಅಂಗಡಿಯಲ್ಲಿ ಎರಡೂ ಟೈರು ಹೊಸದು ಹಾಕಿ, ಗಾಡಿ ತಂದು ರೂಮಿನ ಕೆಳಗೆ ನಿಲ್ಲಿಸಿದೆ. ನನ್ನ ರೂಮು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿದೆ. ಹಗಲೆಲ್ಲ ನೆಲ ನಡುಗುತ್ತದೆ, ನೀರಿನ ಲೋಟ ಮೇಜಿನ ಮೇಲೆ ತಾನಾಗಿ ಜರುಗುತ್ತದೆ. ಅವತ್ತು ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತು ಊಟ ಮಾಡಿದೆ, ಕೆಳಗೆ ಗಾಡಿ ಕಾಣುತ್ತಿತ್ತು. ಪ್ರೆಸ್ಸಿನವರು ಶಟರ್ ಎಳೆದು ಹೋದರು. ಒಬ್ಬನಾದರೂ ಯಾರದು ಈ ಗಾಡಿ ಎಂದು ಕೇಳಬಹುದಿತ್ತು. ಕೇಳಿದ್ದರೆ ನಿನಗ್ಯಾಕೆ ಎನ್ನುತ್ತಿದ್ದೆನೋ ಏನೋ. ಆದರೂ ಕೇಳಬಹುದಿತ್ತು.

ಮೊದಲ ಭಾನುವಾರ ಬೆಳಕು ಹರಿಯುವಾಗಲೇ ಕ್ವಾರಿ ಗುಡ್ಡದ ರಸ್ತೆಗೆ ಹೋದೆ. ಹದಿನೇಳು ತಿರುವು. ಇಂಥ ಗಾಡಿಯ ಮೇಲೆ ಕೂರುವುದಿಲ್ಲ, ಮಲಗುತ್ತಾರೆ. ಎದೆ ಟ್ಯಾಂಕಿಗೆ, ತೂಕ ಮಣಿಕಟ್ಟಿಗೆ, ಕಣ್ಣು ತಿರುವಿನ ಆ ಕೊನೆಗೆ. ನೇರ ದಾರಿಯಲ್ಲಿ ನಾಲ್ಕು ಸಿಲಿಂಡರುಗಳು ಒಟ್ಟಿಗೆ ಬಾಯಿ ತೆರೆದಾಗ ಹೊಟ್ಟೆಯಲ್ಲಿದ್ದ ಹಳೆಯ ಸಿಟ್ಟುಗಳೆಲ್ಲ ಹಿಂದಕ್ಕೆ ಹಾರಿಹೋದಂತಾಯಿತು. ಅಷ್ಟರಲ್ಲಿ ಒಂದು ಸಣ್ಣ ಗುಂಡಿ ಬಂತು. ಗಾಡಿ ಕತ್ತೆಯ ಹಾಗೆ ಸೊಂಟಕ್ಕೆ ಒದೆಯಿತು. ಮೂರನೇ ತಿರುವಿನ ನಡುವೆ ಇನ್ನೊಂದು ಒದೆ. ಹಿಂದಿನ ಚಕ್ರ ನೆಲ ಬಿಟ್ಟು ಪಕ್ಕಕ್ಕೆ ಜಿಗಿಯಿತು. ತೊಂಬತ್ತು ಕಿಲೋದ ಡಾಕ್ಟರಿಗೆ ಬಿಗಿದ ಸ್ಪ್ರಿಂಗಿನ ಮೇಲೆ ಐವತ್ತೆಂಟು ಕಿಲೋದ ನಾನು ಕೂತರೆ ಇನ್ನೇನಾಗುತ್ತದೆ.

ಸ್ಪ್ರಿಂಗನ್ನು ಸವಾರನ ತೂಕಕ್ಕೆ ಹೊಂದಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಗಾಡಿಯನ್ನು ಮೇಲೆತ್ತಿ, ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಾಗ ಚಕ್ರದ ನಡುವಿನ ಅಚ್ಚಿನಿಂದ ಸೀಟಿನ ಬಾಲದವರೆಗೆ ಟೇಪು ಹಿಡಿಯಬೇಕು. ಇದು ತೂಗುವ ಅಳತೆ. ಆಮೇಲೆ ಸವಾರ ಹೆಲ್ಮೆಟ್ಟು, ಬೂಟು ಹಾಕಿಕೊಂಡು, ಎರಡೂ ಕಾಲು ಮೇಲಿಟ್ಟು ಕೂತಾಗ ಅದೇ ಜಾಗ ಮತ್ತೆ ಅಳೆಯಬೇಕು. ಎರಡರ ನಡುವೆ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ ಬರಬೇಕು. ಕಮ್ಮಿ ಬಂದರೆ ಸಡಿಲಿಸು, ಹೆಚ್ಚು ಬಂದರೆ ಬಿಗಿ ಮಾಡು. ಇಷ್ಟೇ. ಆದರೆ ಕೂತವನು ತನ್ನ ಬೆನ್ನ ಹಿಂದೆ ತಾನೇ ಟೇಪು ಹಿಡಿಯಲಾರ. ಬಗ್ಗಿದರೆ ಅಳತೆಯೇ ಕೆಡುತ್ತದೆ. ಒಬ್ಬನಿಂದಲೇ ಆಗದ ಕೆಲಸ ಅಂತ ಪ್ರಪಂಚದಲ್ಲಿದ್ದರೆ ಇದೊಂದೇ ಎಂದು ಅಣ್ಣ ಹೇಳುತ್ತಿದ್ದ. "ಮದುವೆಗೆ ಮುಂಚೆ ಬೇರೆ ಹೇಳ್ತಿದ್ರಿ" ಎಂದು ಅತ್ತಿಗೆ ಒಳಗಿನಿಂದ ಕೂಗುತ್ತಿದ್ದರು.

ಗ್ಯಾರೇಜಿನಲ್ಲಿ ಅಣ್ಣ ಅಳೆಯುವವನು, ನಾನು ಗಾಡಿಯ ಮುಂಭಾಗ ಹಿಡಿದು ನಿಲ್ಲುವವನು. ಅವನ ಟೇಪಿನ ತುದಿ ಮುರಿದು ಮೊದಲ ಒಂದು ಸೆಂಟಿಮೀಟರ್ ಹೋಗಿತ್ತು. ಅದು ಶುರುವಾಗುವುದೇ ಒಂದರಿಂದ. ಅವನು ಟೇಪಿನಲ್ಲಿ ಕಂಡದ್ದನ್ನು ಕೂಗುತ್ತಿದ್ದ, ನಾನು ಒಂದು ಕಳೆದು ಗಟ್ಟಿಯಾಗಿ ಹೇಳಿ ಗಿರಾಕಿಯ ಕಾರ್ಡಿನ ಮೇಲೆ ಬರೆಯುತ್ತಿದ್ದೆ. ಎರಡು ಅಳತೆಯೂ ಅದೇ ಟೇಪಿನದಾದರೆ ಕಳೆಯುವುದು ಮರೆತರೂ ವ್ಯತ್ಯಾಸ ಸರಿಯಾಗೇ ಬರುತ್ತದೆ, ನಿಜ. ಆದರೂ ಕಳೆಯುತ್ತಿದ್ದೆ. ಹೊಸ ಟೇಪು ತಗೊಳ್ಳೋಕೇನು ನಿನಗೆ ರೋಗ ಎಂದು ಒಮ್ಮೆ ಕೇಳಿದ್ದಕ್ಕೆ, "ಕಳೆಯೋಕೆ ನೀನಿದ್ದೀಯಲ್ಲ" ಎಂದಿದ್ದ.

ಎರಡು ವರ್ಷದ ಹಿಂದೆ ಚಿನ್ನದ ಫ್ರೇಮಿನ ಕನ್ನಡಕದ ಗಿರಾಕಿಯೊಬ್ಬ ಬಂದ. ತೂಗುವ ಅಳತೆ ಬೇರೆಲ್ಲೋ ತೆಗೆಸಿ ಚೀಟಿಯಲ್ಲಿ ಬರೆದು ತಂದಿದ್ದ. ಕೂತಾಗಿನ ಅಳತೆಯನ್ನಷ್ಟೇ ನಾವು ತೆಗೆದೆವು. ಲೆಕ್ಕ ಹೇಳಿದವನು ನಾನು, ಸ್ಪ್ರಿಂಗ್ ತಿರುಗಿಸಿದವನು ಅಣ್ಣ. ಮೂರನೇ ದಿನ ಆ ಗಿರಾಕಿ ಕುಂಟುತ್ತಾ ಬಂದ. ಗಾಡಿಯ ಒಂದು ಮಗ್ಗುಲು ಪೂರ್ತಿ ಉಜ್ಜಿಹೋಗಿತ್ತು. ತಿರುವಿನಲ್ಲಿ ಗಾಡಿ ಹೊರಕ್ಕೆ ಓಡುತ್ತೆ, ನಿಮ್ಮ ಅಳತೆ ತಪ್ಪು ಎಂದ. "ಓಡಿಸೋಕೆ ಬರ್ದೇ ಇರೋರಿಗೆ ಅಳತೆ ಏನ್ ಮಾಡುತ್ತೆ" ಎಂದೆ. ಅವನು ಕೈ ಎತ್ತಿ ಮಾತಾಡಿದ, ನಾನು ತಳ್ಳಿದೆ. ಅಣ್ಣ ನಡುವೆ ಬಂದು ನನ್ನ ಕಡೆ ನೋಡದೆ ಅವನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಸಾರ್. ನಮ್ಮದೇ ತಪ್ಪು."

ನಮ್ಮದೇ ಅಂತೆ. ಹನ್ನೊಂದು ವರ್ಷದಲ್ಲಿ ನನ್ನ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. "ನಿಂದಿರಬಹುದು, ನಂದಲ್ಲ" ಎಂದು ಹೇಳಿ ಬಟ್ಟೆ ಚೀಲಕ್ಕೆ ತುಂಬಿಕೊಂಡೆ. ಬಸ್ಸಿನಲ್ಲಿ ಕೂತು ಅಣ್ಣನ ನಂಬರ್ ಬ್ಲಾಕ್ ಮಾಡಿದೆ.

ಹಾಗಾಗಿ ಈಗ ನನ್ನ ಗಾಡಿಯ ಅಳತೆ ನಾನೇ ತೆಗೆಯಲು ಹೊರಟೆ. ತೂಗುವ ಅಳತೆ ಸುಲಭ. ಅಂಗಡಿಯ ಲಿಫ್ಟಿನ ಮೇಲೆ ಎತ್ತಿ, ಅಂಗಡಿಯ ಹೊಸ ಟೇಪಿನಲ್ಲಿ ಅಳೆದೆ. ಐವತ್ತಾರು. ಇನ್ನೊಂದು ಅಳತೆಗೆ ಗಾಡಿಯನ್ನು ಗೋಡೆಗೆ ಒರಗಿಸಿ ಕೂತೆ, ಬಾಲಕ್ಕೆ ಟೇಪು ಅಂಟಿಸಿ, ಬಕೆಟ್ಟಿನ ಮೇಲೆ ಫೋನಿಟ್ಟು ವಿಡಿಯೋ ಹಾಕಿದೆ. ಒರಗಿದ ಗಾಡಿ ಒಂದು ಕಡೆ ವಾಲಿ ಐವತ್ತಮೂರು ತೋರಿಸಿತು, ಮತ್ತೆ ಕೂತರೆ ಐವತ್ತೈದು. ಮೂರನೇ ಸಲ ಫೋನು ಬಕೆಟ್ಟಿನ ಒಳಗೆ ಬಿತ್ತು.

ಗೊರಕೆಯನ್ನು ಕೇಳಿದೆ. "ಎರಡು ನಿಮಿಷ. ಹಿಂದೆ ಟೇಪ್ ಹಿಡ್ಕೊಂಡ್ರೆ ಸಾಕು."

ಅವನು ಮಲಗಿದಲ್ಲಿಂದಲೇ ಒಂದು ಕಣ್ಣು ಬಿಟ್ಟ. "ಮೊನ್ನೆ ಏನಂದೆ ನನಗೆ? ಗಾಡಿ ಹತ್ರ ಬಂದ್ರೆ ಕೈ ಮುರೀತೀನಿ ಅಂದೆ."

"ಅದು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದಿದ್ದಕ್ಕೆ."

"ಟೇಪೂ ಕೈಯಲ್ಲೇ ಅಲ್ವಾ ಹಿಡಿಯೋದು. ನನಗೆ ಇರೋದೇ ಎರಡು" ಎಂದು ಮಗ್ಗುಲು ಬದಲಿಸಿದ.

ಎರಡನೇ ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಎಂಜಿನ್ ಆರಿಸದೆ ಐದು ನಿಮಿಷ ಕೂತಿದ್ದೆ, ಬೇಕಾದರೆ ಹಾಗೇ ಹೋಗಿಬಿಡಬಹುದು ಎಂದು. ಶೆಡ್ಡಿನಿಂದ ಅಣ್ಣ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದ.

"ಒಳ್ಳೇ ಗಾಡಿ. ಟೈರ್ ನೀನೇ ಹಾಕಿದ್ಯಾ?"

"ಹೂಂ."

"ಸ್ಪ್ರಿಂಗ್ ಒದೀತಿದ್ಯಾ?"

"ಹೂಂ. ಒಂದು ಅಳತೆ ಬೇಕಿತ್ತು. ಒಂದೇ."

ಅವನು ಅತ್ತಿಗೆಯನ್ನು ಕರೆದ. ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ಕಂಡು ಒಂದು ಕ್ಷಣ ನಿಂತು, ಗಾಡಿಯ ಮುಂಭಾಗ ಹಿಡಿದುಕೊಂಡರು. ನಾನು ನಿಲ್ಲುತ್ತಿದ್ದ ಜಾಗ. ಹಿಡಿಯುವ ರೀತಿ ನೋಡಿದರೆ ಎರಡು ವರ್ಷದಿಂದ ಅವರೇ ಹಿಡಿಯುತ್ತಿದ್ದಾರೆ ಎಂದು ಗೊತ್ತಾಯಿತು. ನಾನು ಎರಡೂ ಕಾಲು ಮೇಲಿಟ್ಟು ಕೂತೆ. ಬೆನ್ನ ಹಿಂದೆ ಟೇಪು ಎಳೆದ ಸದ್ದು.

"ಐವತ್ತನಾಲ್ಕೂವರೆ" ಎಂದ ಅಣ್ಣ. ಅದೇ ಉಸಿರಿನಲ್ಲಿ, "ತೂಕ ಇಳಿದಿದೆ ನಿಂದು. ಊಟ ಗೀಟ ಮಾಡ್ತೀಯಾ? ಆ ಕನ್ನಡಕದವರು ಮೊನ್ನೆನೂ ಬಂದಿದ್ರು, ನಿಮ್ಮ ತಮ್ಮ ಹೇಗಿದ್ದಾನೆ ಅಂತ ಕೇಳಿದ್ರು" ಎಂದ.

ಅವನು ಇನ್ನೂ ಬರುತ್ತಾನೆ. ನನ್ನನ್ನು ಮನೆಯಿಂದ ಆಚೆ ಹಾಕಿದ ಮನುಷ್ಯ ಬಂದು ಇದೇ ಬೆಂಚಿನ ಮೇಲೆ ಕೂತು ನನ್ನ ಯೋಗಕ್ಷೇಮ ವಿಚಾರಿಸುತ್ತಾನೆ.

"ತೂಗೋ ಅಳತೆ ಎಷ್ಟು ಬಂತು?" ಅಣ್ಣ ಕೇಳಿದ.

"ನನಗೆ ಗೊತ್ತಿದೆ."

"ಇರು, ಸ್ಪ್ರಿಂಗ್ ತಿರುಗಿಸಿ ಇನ್ನೊಂದ್ಸಲ ನೋಡೋಣ."

"ನಾನೇ ತಿರುಗಿಸ್ಕೋತೀನಿ. ಅಳತೆ ಕೇಳಿದ್ದೆ, ಕೊಟ್ಟೆ. ಆಯ್ತಲ್ಲ."

ಅತ್ತಿಗೆ ಕೈ ಬಿಡುವಷ್ಟರಲ್ಲಿ ನಾನು ಗಾಡಿ ತಿರುಗಿಸಿದ್ದೆ.

ಊರ ಹೊರಗಿನ ನೀರಿನ ಟ್ಯಾಂಕಿನ ಬುಡದಲ್ಲಿ ನಿಲ್ಲಿಸಿ ಲೆಕ್ಕ ಹಾಕಿದೆ. ಐವತ್ತಾರರಲ್ಲಿ ಐವತ್ತನಾಲ್ಕೂವರೆ ಹೋದರೆ ಒಂದೂವರೆ. ಮೂರೂವರೆ ಬರಬೇಕು. ಎರಡು ಸೆಂಟಿಮೀಟರಿಗೆ ಆಗುವಷ್ಟು ಸುತ್ತು ಸಡಿಲಿಸಬೇಕು. ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಇಷ್ಟೊಂದು ಬಿಗಿಯಿತ್ತಾ ಎಂದು ಒಮ್ಮೆ ಅನ್ನಿಸಿತು. ಆದರೆ ಸಿಟ್ಟಿನಲ್ಲಿರುವವನಿಗೆ ಅನ್ನಿಸುವುದು ಬಹಳ, ನಿಲ್ಲುವುದು ಕಮ್ಮಿ.

ಗುಡ್ಡ ಹತ್ತಿದೆ. ಮೊದಲ ಗುಂಡಿ ಬಂತು, ಹೋಯಿತು, ಗೊತ್ತೇ ಆಗಲಿಲ್ಲ. ಹಾಸಿಗೆಯ ಮೇಲೆ ಕೂತಂತಿತ್ತು. ನೋಡಿದ್ಯಾ, ನನ್ನ ಲೆಕ್ಕ ಎಂದುಕೊಂಡೆ. ಒಂಬತ್ತನೇ ತಿರುವಿನಲ್ಲಿ ಬಗ್ಗಿಸಿದೆ. ಗಾಡಿಯ ಹಿಂಭಾಗ ಕುಸಿದು ಕೂತಿತು, ಮುಂದಿನ ಚಕ್ರ ಹಗುರಾಗಿ, ನಾನು ನೋಡುತ್ತಿದ್ದ ಕಡೆ ಬಿಟ್ಟು ಹೊರಕ್ಕೆ ಹೊರಟಿತು. ಇನ್ನೂ ಬಗ್ಗಿಸಿದೆ. ಬರಲಿಲ್ಲ. ನಡುಗೆರೆ ದಾಟಿತು. ಎದುರಿಗೆ ಜಲ್ಲಿ ತುಂಬಿದ ಲಾರಿ. ಅದರ ಹಾರ್ನು, ಡ್ರೈವರನ ತೆರೆದ ಬಾಯಿ, ನನ್ನ ಮೊಣಕೈಗೂ ಲಾರಿಯ ಚಕ್ರಕ್ಕೂ ನಡುವಿನ ಒಂದು ಗೇಣು. ಆಮೇಲೆ ರಸ್ತೆಯ ಆಚೆ ಅಂಚಿನ ಜಲ್ಲಿಯಲ್ಲಿ ಗಾಡಿ ಎರಡು ಸಲ ಹೊಯ್ದಾಡಿ ನಿಂತಿತು. ಬೀಳಲಿಲ್ಲ. ಲಾರಿಯವನು ನಿಲ್ಲಿಸದೆ ಹೋದ.

ಇಳಿದು ಕಲ್ಲಿನ ಮೇಲೆ ಕೂತೆ. ಮೊದಲು ಬಂದದ್ದು ಬೈಗುಳ. ಅಣ್ಣನಿಗೇ. ಒಂದು ಅಳತೆ ನೆಟ್ಟಗೆ ಹೇಳಲು ಬರುವುದಿಲ್ಲ, ಮುರುಕು ಟೇಪು ಇಟ್ಟುಕೊಂಡು.

ಮುರುಕು ಟೇಪು.

ಅವನು ಎಂದಿನಂತೆ ಟೇಪಿನಲ್ಲಿ ಕಂಡದ್ದನ್ನು ಕೂಗಿದ್ದ. ಕಳೆಯುವುದು ನನ್ನ ಕೆಲಸ. ಐವತ್ತಮೂರೂವರೆ. ಒಂದು ಸೆಂಟಿಮೀಟರ್ ಸಡಿಲಿಸಬೇಕಾದಲ್ಲಿ ಎರಡು ಸಡಿಲಿಸಿದ್ದೆ. ತೂಗುವ ಅಳತೆ ಬೇರೆ ಟೇಪಿನದು, ಕೂತ ಅಳತೆ ಅಣ್ಣನ ಟೇಪಿನದು. ಆಗ ನೆನಪಿಗೆ ಬಂತು: ಆ ಕನ್ನಡಕದವನ ಚೀಟಿ. ಅವತ್ತೂ ಹೀಗೇ, ಒಂದು ಅಳತೆ ಬೇರೆಯವರದು, ಒಂದು ನಮ್ಮದು. ಅವತ್ತು ನಾನು ಕಳೆದಿದ್ದೆನೇ? ಕಾರ್ಡಿನ ಮೇಲೆ ಬರೆದದ್ದು ಕಣ್ಣಿಗೆ ಕಟ್ಟಿದಂತಿದೆ, ಅಣ್ಣ ಕೂಗಿದ ಸಂಖ್ಯೆ ಹಾಗೇ ಇತ್ತು. ಗಿರಾಕಿ ಚೀಟಿ ತಂದಿದ್ದಾನೆ, ಅರ್ಧ ಕೆಲಸ ಉಳಿಯಿತು ಎಂಬ ಖುಷಿಯಲ್ಲಿ ನಾನು ಏನೋ ತಮಾಷೆ ಮಾಡುತ್ತಿದ್ದೆ. ಅವನು ಹೇಳಿದ್ದೂ ಅದನ್ನೇ. ತಿರುವಿನಲ್ಲಿ ಹೊರಕ್ಕೆ ಓಡುತ್ತೆ.

ಒಂದು ಗಂಟೆ ಕೂತಿದ್ದೆನೇನೋ. ಐದಾರು ಗಾಡಿ ಹೋದವು. ಒಂದೂ ನಿಲ್ಲಲಿಲ್ಲ. ನಿಲ್ಲಲು ನಾನು ಬಿದ್ದಿರಲಿಲ್ಲವಲ್ಲ.

ಸೈಕಲ್ಲಿನ ವೇಗದಲ್ಲಿ ವಾಪಸು ಬಂದೆ. ಶೆಡ್ಡಿನ ಬಾಗಿಲು ಮುಚ್ಚಿತ್ತು. ಅತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಕೈಕಾಲು ನೆಟ್ಟಗಿದ್ಯಾ?"

"ಇದೆ. ಅಣ್ಣ ಎಲ್ಲಿ?"

"ನಿನ್ನ ಹುಡುಕ್ಕೊಂಡು ಹೋಗಿದ್ದಾರೆ. ನೀನು ಹೋದ ಮೇಲೆ ಶುರು ಮಾಡಿದ್ರು, ಅವನು ಕಳೆದು ಹೇಳ್ಲಿಲ್ಲ, ಅವನು ಕಳೆದು ಹೇಳ್ಲಿಲ್ಲ ಅಂತ. ಹತ್ತು ಸಲ ಫೋನ್ ಮಾಡಿದ್ರು. ಆಮೇಲೆ ಸ್ಕೂಟರ್ ತಗೊಂಡು ಹಳೇ ಸೇತುವೆ ಕಡೆ ಹೋದ್ರು."

"ಸೇತುವೆ ಕಡೆಗಾ? ನಾನು ಕ್ವಾರಿ ಗುಡ್ಡಕ್ಕೆ ಹೋಗಿದ್ದೆ."

"ನೀನೀಗ ಎಲ್ಲಿ ಹೋಗ್ತೀಯ, ಎಲ್ಲಿರ್ತೀಯ ಅಂತ ಅವರಿಗೇನೋ ಗೊತ್ತು? ಸಣ್ಣವನಿದ್ದಾಗ ಸೈಕಲ್ ಕಲಿತಿದ್ದು ಅಲ್ಲೇ ಅಲ್ವಾ."

ಬೆಂಚಿನ ಮೇಲೆ ಕೂತು ಕಾದೆ. ಮಧ್ಯಾಹ್ನವಾದ ಮೇಲೆ ಸ್ಕೂಟರ್ ಬಂತು. ಅಣ್ಣ ಹೆಲ್ಮೆಟ್ ತೆಗೆಯದೆ ಗಾಡಿಯ ಎರಡೂ ಮಗ್ಗುಲು ನೋಡಿದ, ಆಮೇಲೆ ನನ್ನ ಎರಡೂ ಮಗ್ಗುಲು.

"ಬಿದ್ಯಾ?"

"ಇಲ್ಲ."

"ಹೊರಗೆ ಓಡ್ತಾ?"

"ಹೂಂ."

"ಕೂತ್ಕೋ" ಎಂದ.

ಅತ್ತಿಗೆ ಮುಂದೆ ಹಿಡಿದರು. ಟೇಪು ಎಳೆದ ಸದ್ದು. "ಐವತ್ತೆರಡೂವರೆ" ಎಂದು ಕೂಗಿದ.

"ಐವತ್ತೊಂದೂವರೆ" ಎಂದೆ. "ನಾಲ್ಕೂವರೆ ಕುಸಿದಿದೆ. ಒಂದು ಬಿಗಿ ಮಾಡ್ಬೇಕು."

ಅವನು ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ಬಗ್ಗಿದ. ಅವನ ಮುಖ ಕಾಣುತ್ತಿರಲಿಲ್ಲ, ಅದರಿಂದ ಹೇಳಲು ಸುಲಭವಾಯಿತು.

"ಆವತ್ತು ಕನ್ನಡಕದವರ ಗಾಡಿಗೂ ನಾನು ಕಳೆದಿರ್ಲಿಲ್ಲ. ನಂದೇ ತಪ್ಪು."

ಸ್ಪ್ಯಾನರ್ ನಿಂತಿತು. ಮತ್ತೆ ತಿರುಗಿತು. "ಗೊತ್ತು. ನೀನು ಹೋದ ಮಾರನೇ ದಿನ ಮತ್ತೆ ಅಳೆದು ನೋಡ್ದೆ."

"ಹೇಳ್ಬಹುದಿತ್ತಲ್ಲ ನನಗೆ."

"ಹೇಗೆ ಹೇಳ್ಲಿ? ನಿನಗೆ ಫೋನ್ ಹೋಗೋದೇ ಇಲ್ಲ."

ಅತ್ತಿಗೆ ಬೇರೆ ಕಡೆ ನೋಡಿದರು. ಅಣ್ಣ ಎದ್ದು ಮತ್ತೆ ಅಳೆದ. ಕಳೆದು ನೋಡಿದರೆ ಸರಿಯಾಗಿ ಮೂರೂವರೆ ಬಂತು. ಊಟ ಮಾಡಿ ಹೋಗು ಎಂದರು, ಮಾಡಿದೆ. ತಟ್ಟೆಯ ಮುಂದೆ ಕೂತು ಎಲ್ಲರೂ ಗಾಡಿಯ ಮಾತೇ ಆಡಿದೆವು. ವಾಪಸು ಬಾ ಎಂದು ಅವನು ಹೇಳಲಿಲ್ಲ, ಬರಲಾ ಎಂದು ನಾನು ಕೇಳಲಿಲ್ಲ. ಹೊರಡುವಾಗ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ, "ಹೊಸ ಟೇಪ್ ತಗೋ ಅಣ್ಣ" ಎಂದೆ.

ಅವನು ಕೈಯಲ್ಲಿದ್ದ ಟೇಪನ್ನು ಒಂದು ಸಲ ತಿರುಗಿಸಿ ನೋಡಿದ. ನಾನು ಕಾದೆ. ಕಳೆಯೋಕೆ ನೀನಿದ್ದೀಯಲ್ಲ ಎಂಬ ಹಳೆಯ ಮಾತು ಬರಬಹುದೆಂದು ಕಾದೆ.

"ಹೌದು" ಎಂದ. "ತಗೋಬೇಕು."

ಗಾಡಿ ಈಗ ಹೇಳಿದಲ್ಲಿಗೆ ಹೋಗುತ್ತದೆ. ನೀರಿನ ಟ್ಯಾಂಕಿನ ಹತ್ತಿರದ ದೊಡ್ಡ ತಿರುವಿನಲ್ಲಿ ಬಗ್ಗಿಸಿದಾಗ ಗೆರೆ ಎಳೆದಂತೆ ತಿರುಗಿತು. "ಸರಿಯಾಯ್ತು" ಎಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿದೆ. ಗಾಜಿಗೆ ಉಸಿರಿನ ಮಂಜು ಹಿಡಿಯಿತು, ಸ್ವಲ್ಪ ದೂರ ಹೋದ ಮೇಲೆ ಆರಿತು.

ರೂಮಿಗೆ ಬಂದು ಅಣ್ಣನ ನಂಬರಿನ ಬ್ಲಾಕ್ ತೆಗೆದೆ. ಅವತ್ತು ಬೆಳಿಗ್ಗೆ ಮಾಡಿದ ಹತ್ತು ಕಾಲ್ ಕಾಣಿಸಬಹುದೆಂದು ನೋಡಿದೆ. ಈ ಎರಡು ವರ್ಷದಲ್ಲಿ ಮಾಡಿದವೂ ಇರಬಹುದು. ಒಂದೂ ಇರಲಿಲ್ಲ. ಬ್ಲಾಕ್ ಮಾಡಿದವರ ಕಾಲ್ ನನ್ನ ಫೋನಿನಲ್ಲಿ ಉಳಿಯುವುದಿಲ್ಲವಂತೆ. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಸದ್ದು ಪೂರ್ತಿ ಏರಿಸಿ ಇಟ್ಟೆ. ಭಾನುವಾರವಾದ್ದರಿಂದ ಕೆಳಗೆ ಪ್ರೆಸ್ಸು ನಿಂತಿತ್ತು. ಮೇಜಿನ ಮೇಲಿನ ಲೋಟ ಇಟ್ಟಲ್ಲೇ ಇತ್ತು.